ಹನ್ನೆರಡು ಕಂಪನಿ ತಂಡ, ಒಂದು ಭಾನುವಾರ, ಟಿಬಿ ರೋಗಿಗಳಿಗೆ ಆಹಾರ ಕಿಟ್: ಬಳ್ಳಾರಿ ಫುಟ್‌ಬಾಲ್ ಟೂರ್ನಿಗೆ ಲೆಕ್ಕ ಹಾಕಿಕೊಡ್ರಿ

ಬಿ ಶಿಫ್ಟ್
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಾಗ ಒಂದು ಭಾನುವಾರ ಬಳ್ಳಾರಿಯಲ್ಲಿ ಕಂಪನಿ ತಂಡಗಳ ಫುಟ್‌ಬಾಲ್ ಟೂರ್ನಿ ಮಾಡೋ ತಯಾರಿ ನಡದೈತಿ. ಉಕ್ಕು, ಸ್ಪಾಂಜ್ ಐರನ್, ಥರ್ಮಲ್, ಗಣಿ, ಎರಡು ಬ್ಯಾಂಕು, ಒಂದು ಜೀನ್ಸ್ ಯೂನಿಟ್ ಎಲ್ಲಾ ಸೇರಿ 12 ತಂಡ. ಏಳು ಜನರ ಆಟ, ತಂಡಕ್ಕ 12 ಜನರ ಪಟ್ಟಿ. ಪ್ರವೇಶ ಶುಲ್ಕ ತಂಡಕ್ಕ 6,000, ಒಟ್ಟು 72,000 ಬರ್ತದ. ಆ ದುಡ್ಡು ಟಿಬಿ ರೋಗಿಗಳ ಆಹಾರ ಕಿಟ್‌ಗೆ. ಕೇಳೋದು ಮೂರು: ಒಂದೇ ದಿನದಾಗ ಮುಗಿಯೋ ಹಂಗ ಪಂದ್ಯದ ಪಟ್ಟಿ ಹೆಂಗ ಹಾಕೋದು, ದುಡ್ಡು ಯಾರ ಖಾತೆಗೆ ತಗೊಳ್ಳೋದು, ಮೈದಾನದಾಗ ಏನು ಮರೀಬಾರದು. ತಿಳಿದವರು ಬಿಚ್ಚಿ ಹೇಳ್ರಿ.

ಖಾತೆಕಿರ್ದಿ
ಮೊದಲು ಆ 72,000 ಎಲ್ಲಿಗೆ ಹೋಗುತ್ತೆ ಅಂತ ಬರೆದುಕೊಳ್ಳಿ. ಬಳ್ಳಾರಿಯ ರೇಟಿನಲ್ಲಿ ಒಂದು ಅಂದಾಜು:

ಮೈದಾನದ ಬಾಡಿಗೆ, ಸ್ವಚ್ಛತೆ 6,000. ಟ್ಯಾಂಕರ್ ನೀರು, ಗೆರೆ ಪುಡಿ 3,500. ರೆಫರಿ ನಾಲ್ವರಿಗೆ 1,500ರಂತೆ 6,000. ಚೆಂಡು ಆರು, ಒಂದಕ್ಕೆ 1,100ರಂತೆ 6,600. ಶಾಮಿಯಾನ, ಕುರ್ಚಿ, ಮೈಕು 14,000. ಆಂಬುಲೆನ್ಸ್ 5,000. ನೀರು, ಓಆರ್‌ಎಸ್, ಐಸ್ 4,000. ಊಟ 180 ಜನಕ್ಕೆ 90ರಂತೆ 16,200. ಟ್ರೋಫಿ, ಫ್ಲೆಕ್ಸ್ 9,000. ಒಟ್ಟು 70,300.

ಉಳಿಯೋದು 1,700 ರೂಪಾಯಿ. ಒಬ್ಬ ರೋಗಿಗೆ ಮೂರು ತಿಂಗಳ ಕಿಟ್ ಆಗಬಹುದು, ಅಷ್ಟೇ. 12 ಕಂಪನಿ, 144 ಆಟಗಾರರು, ಒಂದಿಡೀ ಭಾನುವಾರ, ಒಬ್ಬ ರೋಗಿಯ ಅರ್ಧ ಚಿಕಿತ್ಸೆಯ ಊಟ. ಕಂಪನಿ ಟೂರ್ನಿಗಳಲ್ಲಿ ಹೆಚ್ಚಾಗಿ ಆಗೋದೇ ಇದು. ಕೊನೆಗೆ ದೊಡ್ಡ ಥರ್ಮಾಕೋಲ್ ಚೆಕ್ ಹಿಡಿದು ಫೋಟೋ ತೆಗೆಸಿಕೊಳ್ಳೋದು, ಆ ಚೆಕ್ ಮುದ್ರಿಸಿದ ಖರ್ಚೂ ದೇಣಿಗೆಯಿಂದಲೇ ಹೋಗಿರುತ್ತೆ.

ಆದ್ದರಿಂದ ಎರಡು ಕಿರ್ದಿ ಇಡಿ. ಒಂದು ಆಟದ ಕಿರ್ದಿ: ಪ್ರವೇಶ ಶುಲ್ಕ ಇದಕ್ಕೆ ಬರುತ್ತೆ, ಖರ್ಚು ಇದರಿಂದಲೇ ಹೋಗುತ್ತೆ, ಕಡಿಮೆ ಬಿದ್ದರೆ ಸಂಘಟಕರು ತುಂಬಬೇಕು. ಇನ್ನೊಂದು ಕಿಟ್ ಕಿರ್ದಿ: ದೇಣಿಗೆ ಮಾತ್ರ. ಇದರಿಂದ ಒಂದು ನೀರಿನ ಕ್ಯಾನೂ ಹೋಗಬಾರದು. "ಖರ್ಚು ಕಳೆದು ಉಳಿದಿದ್ದು ರೋಗಿಗಳಿಗೆ" ಅಂತ ಆಹ್ವಾನ ಪತ್ರದಲ್ಲಿ ಬರೆದಿರೋ ಟೂರ್ನಿಯಲ್ಲಿ ಏನೂ ಉಳಿಯಲ್ಲ ಅಂತಲೇ ತಿಳಿದುಕೊಳ್ಳಿ.

ಬಿ ಶಿಫ್ಟ್
1,700 ನೋಡಿ ತಲಿ ತಿರುಗ್ತು. ಹಂಗಾದ್ರ ಕಿಟ್ ಕಿರ್ದಿಗೆ ದುಡ್ಡು ಎಲ್ಲಿಂದ ತರೋದು ಸರ್?

ಖಾತೆಕಿರ್ದಿ
ಗೋಲಿಗೆ ಇಷ್ಟು ಅನ್ನೋ ಮಾತು. 12 ತಂಡದ ಟೂರ್ನಿಯಲ್ಲಿ ಹತ್ತಿರ ಹತ್ತಿರ 25 ಪಂದ್ಯ, ಪಂದ್ಯಕ್ಕೆ ಮೂರು ಗೋಲು ಅಂದರೂ 75. ಗೋಲಿಗೆ 200 ರೂಪಾಯಿ ಕೊಡ್ತೀವಿ ಅನ್ನೋರು ಹತ್ತು ಜನ ಸಿಕ್ಕರೆ 1,50,000. ಆದರೆ ಮೂರು ಕಡೆ ಇದು ಕೈ ಕೊಡುತ್ತೆ.

ಒಂದು, ಮೇಲ್ಮಿತಿ ಇಲ್ಲದ ಮಾತಿಗೆ ಯಾವ ಫೈನಾನ್ಸ್ ವಿಭಾಗವೂ ಸಹಿ ಹಾಕಲ್ಲ. "ಗರಿಷ್ಠ 100 ಗೋಲು, ಅಂದರೆ 20,000 ರೂಪಾಯಿ" ಅಂತ ಪತ್ರದಲ್ಲೇ ಬರೆಯಿರಿ. ಎರಡು, ಒಂದು ಪಂದ್ಯ 11-0 ಆದರೆ ಜನ ಅನುಮಾನ ಪಡ್ತಾರೆ, ಪಂದ್ಯಕ್ಕೆ ಆರು ಗೋಲಿಗಿಂತ ಹೆಚ್ಚು ಎಣಿಸಬೇಡಿ. ಪೆನಾಲ್ಟಿ ಶೂಟೌಟ್ ಗೋಲು ಲೆಕ್ಕಕ್ಕಿಲ್ಲ ಅನ್ನೋದನ್ನೂ ಮೊದಲೇ ಹೇಳಿ. ಮೂರು, ಬಾಯಿಮಾತು ಸೋಮವಾರ ಮರೆತುಹೋಗುತ್ತೆ. ಫೈನಲ್ ಮುಗಿದ ರಾತ್ರಿಯೇ ಗೋಲಿನ ಲೆಕ್ಕ, ಮೊತ್ತ, ಖಾತೆ ಸಂಖ್ಯೆ ಇರೋ ಒಂದು ಪುಟ ಎಲ್ಲರಿಗೂ ಹೋಗಬೇಕು, ಏಳು ದಿನದೊಳಗೆ ವಸೂಲಿ. ಎರಡು ವಾರ ದಾಟಿದ್ದು ಬರೋದು ಕಷ್ಟ.

ಲಕ್ಕಿ ಡ್ರಾ ಕೂಪನ್ ಮಾರೋ ಯೋಚನೆ ಇದ್ದರೆ ಬಿಟ್ಟುಬಿಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ದುಡ್ಡು ತಗೊಂಡು ಚೀಟಿ ಎತ್ತಿ ಬಹುಮಾನ ಕೊಟ್ಟರೆ "ಒಳ್ಳೆ ಕೆಲಸಕ್ಕೆ ಮಾಡಿದ್ವಿ" ಅನ್ನೋ ಉತ್ತರ ಠಾಣೆಯಲ್ಲಿ ನಡೆಯಲ್ಲ.

ಹಂಪಿ ಎಕ್ಸ್‌ಪ್ರೆಸ್
ಕಂಪನಿಯವರ ಹತ್ರ ಸಿಎಸ್‌ಆರ್ ದುಡ್ಡು (ಸಮಾಜದ ಕೆಲಸಕ್ಕಂತ ಕಾನೂನು ಪ್ರಕಾರ ತೆಗೆದಿಡೋದು) ಇರ್ತದಲ್ಲ, ಟೂರ್ನಿ ಖರ್ಚನ್ನೇ ಅದರಾಗ ಹಾಕಿಸಿದ್ರ?

ಖಾತೆಕಿರ್ದಿ
ಆಗಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ 18 ಜೂನ್ 2014ರ ಸುತ್ತೋಲೆಯಲ್ಲೇ (21/2014) ಹೇಳಿತ್ತು: ಮ್ಯಾರಥಾನ್, ಪ್ರಶಸ್ತಿ ಪ್ರದಾನದಂಥ ಒಂದೇ ಸಲದ ಕಾರ್ಯಕ್ರಮದ ಖರ್ಚು ಸಿಎಸ್‌ಆರ್ ಅಲ್ಲ. ತಮ್ಮ ನೌಕರರಿಗಷ್ಟೇ ಅನುಕೂಲ ಆಗೋದೂ ಅಲ್ಲ, ಹೆಸರು ಮೆರೆಸೋ ಪ್ರಾಯೋಜಕತ್ವವೂ ಅಲ್ಲ. ನೌಕರರು ಆಡೋ ಟೂರ್ನಿ ಈ ಮೂರರಲ್ಲೂ ಸಿಕ್ಕಿಬೀಳುತ್ತೆ. ಕಂಪನಿ ಬೇಕಾದರೆ ಟೂರ್ನಿ ಖರ್ಚನ್ನು ನೌಕರರ ಕಲ್ಯಾಣದ ಬಾಬ್ತಿನಲ್ಲಿ ಕೊಡಲಿ. ಆಹಾರ ಕಿಟ್‌ಗೆ ಪ್ರತ್ಯೇಕವಾಗಿ, ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ದುಡ್ಡು ತಗೊಳ್ಳೋಕೆ ಬೇಕಾದ್ದು) ಇರೋ ಟ್ರಸ್ಟ್ ಮೂಲಕ ಕೊಟ್ಟರೆ ಅದು ಬೇರೆ ಮಾತು, ಅದಕ್ಕೆ ದಾರಿ ಇದೆ.

80ಜಿ, ಅಂದರೆ ದೇಣಿಗೆಗೆ ಸಿಗೋ ಆದಾಯ ತೆರಿಗೆ ವಿನಾಯಿತಿ, ಅದರ ಬಗ್ಗೆಯೂ ಒಂದು ಮಾತು, ಯಾಕಂದ್ರೆ "ಪ್ರವೇಶ ಶುಲ್ಕಕ್ಕೆ ರಸೀದಿ ಕೊಡಿ" ಅಂತ ಕೇಳೇ ಕೇಳ್ತಾರೆ. ಆಟ, ಊಟ, ಜರ್ಸಿ ಸಿಕ್ಕಮೇಲೆ ಅದು ದೇಣಿಗೆಯಲ್ಲ, ಅದಕ್ಕೆ ರಸೀದಿ ಕೊಡೋ ಟ್ರಸ್ಟ್ ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡಂತೆ. ದೇಣಿಗೆಯಲ್ಲೂ 2,000ಕ್ಕಿಂತ ಮೇಲಿನ ನಗದಿಗೆ ವಿನಾಯಿತಿ ಇಲ್ಲ, ಅಕ್ಕಿ ಬೇಳೆ ರೂಪದಲ್ಲಿ ಕೊಟ್ಟದ್ದಕ್ಕೂ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ನೌಕರರಿಗೂ ಇಲ್ಲ. ಹೊಸ ಆದಾಯ ತೆರಿಗೆ ಕಾಯ್ದೆ 1 ಏಪ್ರಿಲ್ 2026ರಿಂದ ಜಾರಿ, ಕಲಮುಗಳ ಸಂಖ್ಯೆ ಬೇರೆ. ರಸೀದಿ ಪುಸ್ತಕ ಅಚ್ಚು ಹಾಕಿಸೋ ಮುಂಚೆ ಟ್ರಸ್ಟಿನ ಆಡಿಟರಿಗೆ ತೋರಿಸಿ.

ಸಂಘಟಕರಲ್ಲಿ ಒಬ್ಬರ ಫೋನ್‌ಪೇ ನಂಬರಿಗೆ ದುಡ್ಡು ತಗೊಳ್ಳೋದಂತೂ ಬೇಡವೇ ಬೇಡ. ಕ್ಯೂಆರ್ ಟ್ರಸ್ಟಿನ ಹೆಸರಲ್ಲೇ ಇರಲಿ, ಸ್ಕ್ಯಾನ್ ಮಾಡಿದಾಗ ಬರೋ ಹೆಸರನ್ನು ದಪ್ಪ ಅಕ್ಷರದಲ್ಲಿ ಪಕ್ಕದಲ್ಲೇ ಬರೆಯಿರಿ. ಜಾತ್ರೆಯಂಥ ಗದ್ದಲದಲ್ಲಿ ಇದ್ದ ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸೋಕೆ ಅರ್ಧ ನಿಮಿಷ ಸಾಕು.

ಕಫದ ಡಬ್ಬಿ
ದುಡ್ಡು ಒಂದೆಡೆ ಸೇರಿಸೋ ಗೋಜೇ ಬೇಡ ಅನ್ನೋದಾದರೆ ಇನ್ನೊಂದು ದಾರಿ ಇದೆ. ಕೇಂದ್ರದ ಟಿಬಿ ಮುಕ್ತ ಭಾರತ ಅಭಿಯಾನದಲ್ಲಿ 2022ರ ಸೆಪ್ಟೆಂಬರ್‌ನಿಂದ "ನಿ-ಕ್ಷಯ್ ಮಿತ್ರ" ಅಂತ ಇದೆ. ವ್ಯಕ್ತಿ, ಕಂಪನಿ, ಸಂಘ ಯಾರು ಬೇಕಾದರೂ ನೋಂದಾಯಿಸಿಕೊಂಡು ರೋಗಿಗಳಿಗೆ ಕನಿಷ್ಠ ಆರು ತಿಂಗಳು ಆಹಾರ ಕಿಟ್ ಕೊಡೋ ಹೊಣೆ ಹೊರಬಹುದು. ಹನ್ನೆರಡು ಕಂಪನಿಯೂ ಬೇರೆ ಬೇರೆ ನೋಂದಾಯಿಸಿಕೊಂಡು, ತಮ್ಮ ತಮ್ಮ ಕಿಟ್ ತಾವೇ ಖರೀದಿಸಲಿ. ಟೂರ್ನಿ ಸಮಿತಿಯ ಕೈಗೆ ದೇಣಿಗೆಯ ಒಂದು ಪೈಸೆಯೂ ಬರಲ್ಲ, ಸಮಿತಿ ಎಣಿಸೋದು ಕಿಟ್ ಮಾತ್ರ. ನನಗೆ ಕೇಳಿದರೆ ಇದೇ ಸ್ವಚ್ಛ. ಜಿಲ್ಲಾ ಕ್ಷಯರೋಗ ನಿಯಂತ್ರಣ ಅಧಿಕಾರಿಗಳ ಕಚೇರಿಗೆ ಹೋಗಿ, ಆಟಕ್ಕಿಂತ ಎರಡು ತಿಂಗಳು ಮೊದಲೇ.

ವಯಸ್ಕರಿಗೆ ತಿಂಗಳ ಕಿಟ್‌ನಲ್ಲಿ ಸೂಚಿಸಿರೋದು: ಧಾನ್ಯ 3 ಕೆ.ಜಿ., ಬೇಳೆಕಾಳು 1.5 ಕೆ.ಜಿ., ಅಡುಗೆ ಎಣ್ಣೆ 250 ಗ್ರಾಂ, ಹಾಲಿನ ಪುಡಿ ಇಲ್ಲವೇ ಶೇಂಗಾ 1 ಕೆ.ಜಿ. ಇದು ಉಪಕಾರದ ಪೊಟ್ಟಣ ಅಂತ ತಿಳಿಯಬೇಡಿ, ಚಿಕಿತ್ಸೆಯದೇ ಒಂದು ಭಾಗ. ಝಾರ್ಖಂಡ್‌ನಲ್ಲಿ ನಡೆದ ರೇಶನ್ಸ್ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, ಅದರ ಮುಖ್ಯಸ್ಥರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ. ರೋಗಿಯ ಮನೆಯವರಿಗೂ ಧಾನ್ಯ, ಬೇಳೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರೋದು ಶೇ. 39ರಷ್ಟು ಇಳಿಯಿತು, ಶ್ವಾಸಕೋಶದ ಟಿಬಿ ಶೇ. 48ರಷ್ಟು. ಸರ್ಕಾರ ರೋಗಿಗೆ ಊಟಕ್ಕಂತ ಕೊಡೋ ನಿ-ಕ್ಷಯ್ ಪೋಷಣ್ ಹಣ ನವೆಂಬರ್ 2024ರಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಕಿಟ್ ಅದರ ಬದಲಿಗೆ ಅಲ್ಲ, ಅದರ ಜೊತೆಗೆ.

ಗಣಿ, ಫೌಂಡ್ರಿ, ಕಲ್ಲು ಕ್ರಷರ್ ಇರೋ ಸಂಡೂರು, ಕೊಪ್ಪಳ, ಹಟ್ಟಿ ಸೀಮೆಗೆ ಈ ಕಾಯಿಲೆ ಆರಿಸಿದ್ದು ಸರಿಯಾಗಿದೆ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತವರಿಗೆ ಟಿಬಿ ಬೇಗ ತಗಲುತ್ತೆ. ಆಡೋಕೆ ಬರೋ ತಂಡದವರ ಜೊತೆ ಕೆಲಸ ಮಾಡೋರಲ್ಲೇ ರೋಗಿಗಳಿರ್ತಾರೆ.

ಗಂಗಾವತಿ ಸೋನಾ
ಕಿಟ್ ಖರೀದಿ ಲೆಕ್ಕ ನಾ ಹೇಳ್ತೀನಿ. ಜೋಳ 3 ಕೆ.ಜಿ. 150, ತೊಗರಿಬ್ಯಾಳಿ 1.5 ಕೆ.ಜಿ. 195, ಶೇಂಗಾ 1 ಕೆ.ಜಿ. 140, ಎಣ್ಣಿ 40, ಚೀಲ ಮತ್ತ ಸಾಗಾಟ 25. ಹೆಚ್ಚುಕಮ್ಮಿ 550. ಆರು ತಿಂಗಳಿಗೆ 3,300. ಕೈಯಾಗಿರೋ ದುಡ್ಡನ್ನ 3,300ರಿಂದ ಭಾಗಿಸ್ರಿ, ಅಷ್ಟೇ ರೋಗಿಗಳನ್ನ ಒಪ್ಕೊಳ್ರಿ. 1,20,000 ಬಂದ್ರ 36 ಮಂದಿ. ಅದನ್ನ 550ರಿಂದ ಭಾಗಿಸಿ "218 ರೋಗಿಗಳಿಗೆ ಕಿಟ್" ಅಂತ ಫ್ಲೆಕ್ಸ್ ಹಾಕಿಸಿದ್ರ ಎರಡನೇ ತಿಂಗಳು ಅಷ್ಟೂ ಮಂದಿ ಖಾಲಿ ಕೈ.

ಆರು ತಿಂಗಳ ಮಾಲು ಒಮ್ಮೆಲೆ ತರಬ್ಯಾಡ್ರಿ. ಬ್ಯಾಳಿಗೆ ಹುಳ ಬೀಳ್ತದ, ಶೇಂಗಾಕ್ಕ ಮುಗ್ಗಲು ಹಿಡೀತದ. ಮುಗ್ಗಿದ ಶೇಂಗಾದಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗ್ತದ, ಅದು ಲಿವರಿಗೆ ಕೆಟ್ಟದ್ದು. ಟಿಬಿ ಗುಳಿಗಿ ಮೊದಲೇ ಲಿವರಿನ ಮ್ಯಾಲ ಭಾರ. ಅಂಗಡಿಯವರಿಗೆ ಮುಂಗಡ ಕೊಟ್ಟು ತಿಂಗಳ ತಿಂಗಳ ಎತ್ತಾಕ ಬರೋ ಹಂಗ ಚೀಟಿ ಮಾಡಿಸ್ರಿ. ಧಾನ್ಯಕ್ಕ ಅಕ್ಕಿನೇ ಬೇಕಂತಿಲ್ಲ. ರೇಷನ್ ಅಕ್ಕಿ ಮನಿಯಾಗ ಇದ್ದೇ ಇರ್ತದ. ಈ ಕಡೆ ರೊಟ್ಟಿ ತಿನ್ನೋ ಮಂದಿಗೆ ಜೋಳ ಕೊಟ್ರ ಅದು ಮಾರಾಟಕ್ಕ ಹೋಗೂದಿಲ್ಲ, ಒಲಿ ಮ್ಯಾಲ ಹೋಗ್ತದ.

ಕಫದ ಡಬ್ಬಿ
ಶೇಂಗಾದ ಮಾತಿಗೆ ನೂರು ಅಂಕ. ಇನ್ನೊಂದು: ಫೈನಲ್ ದಿನ ರೋಗಿಗಳನ್ನು ವೇದಿಕೆಗೆ ಕರೆಸಿ ಕಿಟ್ ಕೈಗಿಡೋ ಕಾರ್ಯಕ್ರಮ ಇಡಬೇಡಿ. ಹೆಸರು, ಮುಖ, ಊರು ಯಾವುದೂ ಹೊರಗೆ ಬರಬಾರದು. ಕಿಟ್ ಪಡೆಯೋಕೆ ರೋಗಿಯ ಒಪ್ಪಿಗೆ ಬೇಕು, ಬೇಡ ಅನ್ನೋ ಹಕ್ಕೂ ಅವರಿಗಿದೆ. ಚೀಲದ ಮೇಲೆ "ಟಿಬಿ" ಅಂತಲೋ ಕಂಪನಿಯ ದೊಡ್ಡ ಲೋಗೋವೋ ಹಾಕಿದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತೆ, ಮುಂದಿನ ತಿಂಗಳು ಅವರು ಚೀಲ ಒಯ್ಯೋಕೆ ಬರೋದೇ ಇಲ್ಲ. ಸಾದಾ ಚೀಲ ಸಾಕು.

ಎರೆನೆಲ
ಮೈದಾನದ ಕಡೆ ಬರೋಣ. 105 × 68 ಮೀಟರಿನ ಪೂರ್ತಿ ಮೈದಾನ ಸಿಕ್ಕರೆ ಅಡ್ಡಡ್ಡ ಎರಡು ಅಂಕಣ ಹಾಕಬಹುದು, ಒಂದೊಂದು 60 × 40. ಎರಡರ ನಡುವೆ 5 ಮೀಟರ್, ಸುತ್ತ 3 ಮೀಟರ್ ಖಾಲಿ ಬಿಟ್ಟರೂ ಜಾಗ ಉಳಿಯುತ್ತೆ. ಮೂಲೆ ನೇರ ಬರೋಕೆ ಹಗ್ಗದಲ್ಲಿ 6-8-10 ಮೀಟರಿನ ತ್ರಿಕೋನ ಹಿಡಿಯಿರಿ, ಆಮೇಲೆ ಕರ್ಣ ಅಳೆಯಿರಿ. ಎರಡೂ ಕರ್ಣ 72.11 ಮೀಟರ್ ಬಂದರೆ ಅಂಕಣ ಸರಿ ಇದೆ. ಕಣ್ಣಳತೆಯಲ್ಲಿ ಹಾಕಿದ್ದು ಒಂದು ಕಡೆ 40, ಇನ್ನೊಂದು ಕಡೆ 37 ಆಗೋದು ಮಾಮೂಲಿ.

ಪೆನಾಲ್ಟಿ ಪೆಟ್ಟಿಗೆ 20 × 10, ನಡುವಿನ ವೃತ್ತ 6 ಮೀಟರ್ ತ್ರಿಜ್ಯ ಇಟ್ಟರೆ ಒಂದು ಅಂಕಣಕ್ಕೆ ಸುಮಾರು 360 ಮೀಟರ್ ಗೆರೆ. 25 ಕೆ.ಜಿ. ಪುಡಿಯ ಚೀಲ ಅಂಕಣಕ್ಕೆ ಎರಡು ಇರಲಿ. ಸುಟ್ಟ ಸುಣ್ಣ ಮಾತ್ರ ಬೇಡ. ಬೆವರಿನ ಮೈಗೆ ಹತ್ತಿದರೆ ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಸೀಮೆಸುಣ್ಣದ ಪುಡಿ ಇಲ್ಲವೇ ರಂಗೋಲಿ ಪುಡಿ ಹಾಕಿ. ತಪ್ಪಿ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ 20 ನಿಮಿಷ ನೀರು ಹರಿಸಿ, ಆಮೇಲೆ ಆಸ್ಪತ್ರೆ.

ನೆಲ ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ನೋಡಿಕೊಳ್ಳಿ. ಎರೆ ನೆಲದಲ್ಲಿ ಡಿಸೆಂಬರ್ ಹೊತ್ತಿಗೆ ಬಿರುಕು ಬಿಡೋಕೆ ಶುರು. ಬೆರಳು ಹೋಗುವಷ್ಟು ಬಿರುಕಿದ್ದರೆ ಪಾದ ಹೊರಳೋಕೆ ಅಷ್ಟು ಸಾಕು. ಮಣ್ಣು ತುಂಬಿ ರೋಲರ್ ಹೊಡೆಸೋಕಾಗದಿದ್ದರೆ ಬೇರೆ ಮೈದಾನ ನೋಡಿ. ಮಸಾರಿ ನೆಲ ಗಟ್ಟಿ, ಧೂಳು ಜಾಸ್ತಿ, ಆದರೆ ಆಡೋಕೆ ವಾಸಿ. ಧೂಳಿಗೆ ಅಂಕಣಕ್ಕೆ 5,000 ಲೀಟರಿನ ಒಂದು ಟ್ಯಾಂಕರ್, ಚದರ ಮೀಟರಿಗೆ ಎರಡು ಲೀಟರ್ ಬೀಳುತ್ತೆ.

ಮರೆಯಬಾರದ್ದು ನೆಗ್ಗಿಲು. ಮೈದಾನದ ಅಂಚಿನಲ್ಲಿ ನೆಲಕ್ಕಂಟಿ ಹಬ್ಬಿ ಒಣಗಿದ ಬಳ್ಳಿಯ ಮುಳ್ಳುಕಾಯಿ, ಕಣ್ಣಿಗೆ ಬೀಳಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೂರು ಚೆಂಡು ಪಂಕ್ಚರ್, ಗೋಲಿಯ ಅಂಗೈ ತುಂಬ ಮುಳ್ಳು. ಶನಿವಾರ ಗೋಣಿಚೀಲ ಒದ್ದೆ ಮಾಡಿ, ಮೇಲೆ ಒಂದು ಕಲ್ಲಿಟ್ಟು, ಹಗ್ಗ ಕಟ್ಟಿ ಅಂಕಣದ ತುಂಬ ಎಳೆದಾಡಿಸಿ. ಮುಳ್ಳು ಚೀಲಕ್ಕೆ ಕಚ್ಚಿಕೊಂಡು ಬರುತ್ತೆ. ಚೀಲ ತಿರುವಿ ನೋಡಿ, ಮುಳ್ಳು ಸಿಗೋವರೆಗೂ ಎಳೆಯೋದು ನಿಲ್ಲಿಸಬೇಡಿ.

ಗೋಲ್ ಕಂಬ 5 × 2 ಮೀಟರ್, ಎರಡಿಂಚಿನ ಜಿಐ ಪೈಪು. ನೆಲದಲ್ಲಿ ಹೂಳದೆ ನಿಲ್ಲಿಸಿದ ಕಂಬ ಮುಂದಕ್ಕೆ ಬಿದ್ದು ಮಕ್ಕಳು ಸತ್ತ ಉದಾಹರಣೆ ಬೇರೆ ಬೇರೆ ದೇಶಗಳಲ್ಲಿವೆ, ಎತ್ತಿಡೋ ಕಂಬವನ್ನು ನೆಲಕ್ಕೆ ಭದ್ರವಾಗಿ ಬಿಗಿಯಲೇಬೇಕು ಅಂತ ಆಟದ ಮೊದಲ ನಿಯಮವೇ ಹೇಳುತ್ತೆ. ಹಿಂದಿನ ಅಡ್ಡಪೈಪಿನ ಮೇಲೆ 25 ಕೆ.ಜಿ.ಯ ನಾಲ್ಕು ಮರಳು ಚೀಲ, ಜೊತೆಗೆ ಎರಡು ಗೂಟ. ಊಟದ ಬಿಡುವಿನಲ್ಲಿ ಹುಡುಗರು ಅಡ್ಡಪಟ್ಟಿಗೆ ಜೋತು ಬೀಳ್ತಾರೆ, ಅಲ್ಲೊಬ್ಬರು ಕಾವಲಿರಲಿ.

ಬಿ ಶಿಫ್ಟ್
ಶೂ ಯಾವುದು ಹೇಳ್ಲಿ? ತಂಡದವರು ಈಗಲೇ ಆನ್‌ಲೈನ್‌ನಾಗ ಸ್ಟಡ್ಸ್ ನೋಡಾಕ್ ಹತ್ಯಾರ.

ಎರೆನೆಲ
ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಂಗಳೂರು ಎಫ್‌ಸಿ ಹುಡುಗರು ಆಡೋ ಹುಲ್ಲಿಗೆ ಹಾಕೋ ಉದ್ದ ಸ್ಟಡ್ ನಮ್ಮ ಮಸಾರಿ ನೆಲಕ್ಕಲ್ಲ. ಗಟ್ಟಿ ನೆಲದಲ್ಲಿ ಅದು ಇಳಿಯಲ್ಲ, ಪಾದ ಹೊರಳುತ್ತೆ. ಅಡಿಯಲ್ಲಿ ಸಣ್ಣ ರಬ್ಬರ್ ಗುಬುಟು ಇರೋ ಟರ್ಫ್ ಶೂ ಸರಿ. ಲೋಹದ ಸ್ಟಡ್ ನಿಷೇಧ ಅಂತ ಆಹ್ವಾನದಲ್ಲೇ ಬರೆಯಿರಿ. ಚೆಂಡು 5ನೇ ಅಳತೆ. ನಿಯಮ 0.6ರಿಂದ 1.1 ವಾಯುಭಾರದವರೆಗೂ ಒಪ್ಪುತ್ತೆ. ಗಟ್ಟಿ ನೆಲಕ್ಕೆ ಕೆಳಗಿನ ತುದಿ, ಅಂದರೆ 9 ಪಿಎಸ್‌ಐ ಆಸುಪಾಸು ಇಡಿ. ಬಿಗಿಯಾಗಿ ತುಂಬಿದರೆ ಚೆಂಡು ಎದೆಯೆತ್ತರ ಪುಟಿಯುತ್ತೆ, ಆಟ ಪೂರ್ತಿ ತಲೆ ಮೇಲೇ ನಡೆಯುತ್ತೆ.

ಸೀಟಿ
ಪಂದ್ಯದ ಪಟ್ಟಿ. 12 ತಂಡಕ್ಕೆ ಎರಡು ದಾರಿ.

ಮೂರು ತಂಡದ ನಾಲ್ಕು ಗುಂಪು: ಗುಂಪಿನ ಪಂದ್ಯ 12, ಕ್ವಾರ್ಟರ್ 4, ಸೆಮಿ 2, ಫೈನಲ್, ಒಟ್ಟು 19. ಬೇಗ ಮುಗಿಯುತ್ತೆ. ಆದರೆ ರಾಯಚೂರಿನಿಂದ ಬೆಳಗಿನ ಜಾವ ಹೊರಟು ಬಂದ ತಂಡಕ್ಕೆ ಎರಡೇ ಪಂದ್ಯ, 40 ನಿಮಿಷ ಆಟ, ಗಂಟು ಕಟ್ಟು. ಮೇಲಾಗಿ ಗುಂಪಿನ ಕೊನೇ ಪಂದ್ಯದಲ್ಲಿ ಒಂದು ತಂಡ ಹೊರಗೆ ಕೂತಿರುತ್ತೆ, ಆಡೋ ಇಬ್ಬರಿಗೂ ಎಷ್ಟು ಸ್ಕೋರ್ ಆದರೆ ಸಾಕು ಅಂತ ಗೊತ್ತಿರುತ್ತೆ. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ 1-0 ಆದಮೇಲೆ ಆಟವನ್ನೇ ನಿಲ್ಲಿಸಿದಂತೆ ಚೆಂಡು ಉರುಳಿಸಿದ್ದು ಹೀಗೇ. ಗುಂಪಿನ ಕೊನೇ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸೋ ಪದ್ಧತಿ ಆಮೇಲೆ ಬಂತು.

ನಾಲ್ಕು ತಂಡದ ಮೂರು ಗುಂಪು: ಗುಂಪಿನ ಪಂದ್ಯ 18, ನಂತರ 7, ಒಟ್ಟು 25. ಎಲ್ಲರಿಗೂ ಮೂರು ಪಂದ್ಯ ಖಾತ್ರಿ. ಎರಡು ಅಂಕಣ ಇರೋದರಿಂದ ಕೊನೇ ಸುತ್ತನ್ನು ಒಟ್ಟಿಗೇ ಆಡಿಸಬಹುದು. ಮೊದಲ ಎರಡು ಸ್ಥಾನದವರು ಆರು, ಮೂರನೇ ಸ್ಥಾನದವರಲ್ಲಿ ಉತ್ತಮ ಇಬ್ಬರು, ಎಂಟು ಆಯ್ತು. ನಾನು ಇದನ್ನೇ ಹೇಳೋದು.

ಪಂದ್ಯ 10-2-10 ನಿಮಿಷ (ಆಟ, ಬಿಡುವು, ಆಟ), ಬದಲಾವಣೆ ಸಮಯ ಸೇರಿ ಅರ್ಧ ಗಂಟೆ. 18 ಪಂದ್ಯ ಎರಡು ಅಂಕಣದಲ್ಲಿ ಒಂಬತ್ತು ಸರದಿ: 7:00ರಿಂದ 11:30. ಆಮೇಲೆ ಊಟ, ನೆರಳು. 3:00ಕ್ಕೆ ಕ್ವಾರ್ಟರ್ ಎರಡು ಸರದಿ, 4:10ಕ್ಕೆ ಸೆಮಿ ಎರಡೂ ಒಟ್ಟಿಗೆ, 5:00ಕ್ಕೆ ಫೈನಲ್. ಡಿಸೆಂಬರ್‌ನಲ್ಲಿ 5:50ರ ಸುಮಾರಿಗೆ ಸೂರ್ಯ ಮುಳುಗುತ್ತೆ, ಶೂಟೌಟ್ ಬಂದರೂ ಬೆಳಕಿರುತ್ತೆ. ಬೆಳಿಗ್ಗೆ ಅತಿಥಿ ಭಾಷಣ ಇಟ್ಟರೆ ಈ ಲೆಕ್ಕ ಪೂರ್ತಿ ಬಿದ್ದುಹೋಗುತ್ತೆ. ದೀಪ ಬೆಳಗೋದು, ಸನ್ಮಾನ, ಶಾಲು, ಎಲ್ಲಾ ಮಧ್ಯಾಹ್ನ 2:30ಕ್ಕೆ.

ಫೈನಲ್ ಮುಟ್ಟಿದ ತಂಡಕ್ಕೆ ಒಂದೇ ದಿನ 120 ನಿಮಿಷ ಆಟ. ಅದಕ್ಕೇ ಬದಲಿ ಆಟಗಾರರಿಗೆ ಮಿತಿ ಬೇಡ, ಹೋದವರು ಮತ್ತೆ ಬರಬಹುದು, ನಡುಗೆರೆಯಿಂದಲೇ ಒಳಗೆ ಹೊರಗೆ. 12 ಜನರನ್ನು ಸಮವಾಗಿ ತಿರುಗಿಸಿದರೆ ತಲೆಗೆ 70 ನಿಮಿಷ ಬೀಳುತ್ತೆ. ಆಫ್‌ಸೈಡ್ ಇಲ್ಲ. ಜಾರಿ ಬಿದ್ದು ಚೆಂಡು ಕಸಿಯೋದು ಇಲ್ಲ, ಈ ನೆಲದಲ್ಲಿ ಜಾರಿದವನ ತೊಡೆಯ ಚರ್ಮ ಅಲ್ಲೇ ಉಳಿಯುತ್ತೆ. ಶಿನ್‌ಗಾರ್ಡ್ ಇಲ್ಲದವರಿಗೆ ಒಳಗೆ ಜಾಗ ಇಲ್ಲ, ಮಾತೇ ಇಲ್ಲ.

ಸಮ ಅಂಕ ಬಂದರೆ ಪರಸ್ಪರ ಪಂದ್ಯ, ಗೋಲು ಅಂತರ, ಹೊಡೆದ ಗೋಲು, ಕಡಿಮೆ ಕಾರ್ಡು, ಕೊನೆಗೆ ಚೀಟಿ. ಈ ಕ್ರಮವನ್ನು ಮೊದಲೇ ಅಂಟಿಸಿ. ಬರದ ತಂಡಕ್ಕೆ 0-3. ಆ ಮೂರು ಗೋಲಿಗೆ ದೇಣಿಗೆ ಎಣಿಸಬೇಕೋ ಬೇಡವೋ ಅಂತಲೂ ಪತ್ರದಲ್ಲಿ ಬರೆಯಿರಿ, ಜಗಳ ಅಲ್ಲೇ ಹುಟ್ಟೋದು.

ರೆಫರಿ ನಾಲ್ವರು ಕನಿಷ್ಠ. ಅಂಕಣಕ್ಕೆ ಇಬ್ಬರು, ಒಂದು ಬಿಟ್ಟು ಒಂದು ಪಂದ್ಯ. ಒಬ್ಬರಿಗೇ ಬೆಳಿಗ್ಗೆ ಒಂಬತ್ತು ಪಂದ್ಯ ಕೊಟ್ಟರೆ ಏಳನೆಯದರಿಂದ ಅವರು ನಡುವೃತ್ತ ಬಿಟ್ಟು ಅಲುಗಲ್ಲ.

ಹಂಪಿ ಎಕ್ಸ್‌ಪ್ರೆಸ್
ಪಟ್ಟಿ ಚೆಂದ ಐತಿ, ಆದ್ರ ಶಿಫ್ಟ್ ಮರ್ತೀರಿ. ಉಕ್ಕು, ಥರ್ಮಲ್ ತಂಡದಾಗ ಅರ್ಧ ಮಂದಿ ಶಿಫ್ಟಿನವರು. ಶನಿವಾರ ರಾತ್ರಿ ಹತ್ತಕ್ಕ ಸಿ ಶಿಫ್ಟ್ ಹತ್ತಿದವ ಭಾನುವಾರ ಆರಕ್ಕ ಇಳಿದು ಏಳಕ್ಕ ಆಟಕ್ಕ ನಿಂತ್ರ, ಸ್ನಾಯು ಹರ್ಕೊಳ್ಳೋನು ಅವನೇ. ಅಂಥಾ ತಂಡಕ್ಕ ಮೊದಲ ಪಂದ್ಯ 8:30ರ ಮ್ಯಾಲ ಇಡ್ರಿ. ಅದಕ್ಕಿಂತ ಒಳ್ಳೇದು, ಹೆಸರು ಕೊಡೋ ಮುಂದ ಆ ವಾರದ ರೋಸ್ಟರ್ ತರಿಸ್ಕೊಂಡು ಶಿಫ್ಟ್ ಬದಲಿ ಪತ್ರ ಟೈಮ್ ಆಫೀಸಿನಿಂದ ಮೊದಲೇ ಮಾಡಿಸೋದು. ಬಾಯಿಮಾತಿನ ಬದಲಿ ಶನಿವಾರ ಸಂಜಿಗೆ ಮುರೀತದ.

ಬಾಡಿಗಿ ಆಟಗಾರರ ಕಾಟಕ್ಕ: ಪಟ್ಟಿ 15 ದಿನ ಮೊದಲು ಬಂದ್, ಎಚ್‌ಆರ್ ಸಹಿ, ಫೋಟೋ ಇರೋ ಗೇಟ್ ಪಾಸ್, ಕೆಲಸಕ್ಕ ಸೇರಿ 60 ದಿನ ಆಗಿರಬೇಕು. ಕಾಂಟ್ರಾಕ್ಟ್ ಕಾರ್ಮಿಕರು ಆಡಬಹುದಾ ಅಂತ ಕೇಳೇ ಕೇಳ್ತಾರ. ಆ ಗೇಟಿನ ಪಾಸ್ ಇದ್ರ ಆಡಬೇಕು ಅಂತೀನಿ ನಾನು. ಧೂಳು ಕುಡಿಯೋರು ಅವರೇ, ಟಿಬಿಗಂತ ಆಟ ಇಟ್ಟು ಅವರನ್ನ ಹೊರಗ ನಿಲ್ಲಿಸೋದು ಏನು ಚೆಂದ?

ಬದಲಿ ಆಟಗಾರ್ತಿ
ಮಹಿಳೆಯರು ಇದ್ದಾರಾ ಅಂತ ಇಲ್ಲಿವರೆಗೂ ಯಾರೂ ಕೇಳಿಲ್ಲ. ಮಿಶ್ರ ತಂಡ ಮಾಡೋದಾದರೆ "ಹೆಣ್ಣುಮಕ್ಕಳ ಗೋಲಿಗೆ ಎರಡು ಅಂಕ" ಅನ್ನೋ ನಿಯಮ ತರಬೇಡಿ, ಅದು ಗೌರವ ಅಲ್ಲ. ಆ ನಿಯಮ ಇದ್ದರೆ ಒಬ್ಬಳನ್ನು ಎದುರಾಳಿ ಗೋಲಿನ ಮುಂದೆ ನಿಲ್ಲಿಸಿ ಮಿಕ್ಕವರು ತಾವೇ ಆಡಿಕೊಳ್ತಾರೆ. ಏಳರಲ್ಲಿ ಇಬ್ಬರು ಯಾವಾಗಲೂ ಅಂಕಣದೊಳಗಿರಬೇಕು ಅನ್ನಿ, ಸಾಕು. ಬಟ್ಟೆ ಬದಲಿಸೋಕೆ ಚಿಲಕ ಇರೋ ಕೋಣೆ, ನೀರಿರೋ ಶೌಚಾಲಯ ಎರಡು ಬೇರೆಯಾಗಿ ಬೇಕು. ಕಟ್ಟಡ ಇಲ್ಲದ ಮೈದಾನ ಆದರೆ ಸಂಚಾರಿ ಶೌಚಾಲಯಕ್ಕೆ ಹದಿನೈದು ದಿನ ಮುಂಚೆ ಹೇಳಿ. ಖಾತೆಕಿರ್ದಿಯವರ 70,300ರಲ್ಲಿ ಇದು ಕಾಣಲೇ ಇಲ್ಲ.

ಖಾತೆಕಿರ್ದಿ
ಒಪ್ಪಿದೆ ಮೇಡಂ, ತಪ್ಪು ನನ್ನದೇ. ಟ್ರೋಫಿ, ಫ್ಲೆಕ್ಸ್‌ನ 9,000ದಲ್ಲಿ 5,000 ಕಡಿದು ಅದಕ್ಕೆ ಹಾಕಿ. ಒಂದು ತಿರುಗೋ ಟ್ರೋಫಿ ಸಾಕು, ನಗದು ಬಹುಮಾನ ಬೇಡ.

ರಾಯಚೂರು ಬಿಸಿಲು
ಆರೋಗ್ಯದ ದುಡ್ಡಿಗೆ ಆಡೋ ಆಟದಾಗ ಯಾರಾದ್ರೂ ಬಿದ್ರ ಏನ್ ಮಾಡೋದು ಅಂತ ಗೊತ್ತಿರಬೇಕಲ್ಲ. 108 ತುರ್ತು ಸೇವಾ, ಅದನ್ನ ಮೈದಾನಕ್ಕ ತಂದು ನಿಲ್ಸಾಕ ಆಗಲ್ರಿ. ಆಸ್ಪತ್ರೆಯದು ಇಲ್ಲಾ ಖಾಸಗಿ ಆಂಬುಲೆನ್ಸ್ ಬೆಳಿಗ್ಗಿ 6:45ರಿಂದ ಸಂಜಿ ಆರರ ತನಕ ನಿಲ್ಲಬೇಕು. ಗೇಟಿನ ಮುಂದ ಬೈಕ್ ನಿಲ್ಲಿಸಿ ದಾರಿ ಕಟ್ಟಬಾರದು. ಆಂಬುಲೆನ್ಸ್ ಹೋದ ಹೊತ್ತಿನಾಗ ಆಟ ನಿಲ್ಸಬೇಕು, ಇದನ್ನ ಯಾರೂ ಪಾಲಿಸಲ್ಲ.

ಡಿಕ್ಕಿ ಇಲ್ಲದ, ಯಾರೂ ತಾಗದ ಆಟಗಾರ ತಾನಾಗಿ ಕುಸಿದ್ರ ಹೃದಯ ನಿಂತೈತಿ ಅಂತಲೇ ಹಿಡೀರಿ. ಬಾಯಿ ತೆರೆದು ಗೊರಗೊರ ಅಂತಿದ್ರ ಅದು ಉಸಿರಾಟ ಅಲ್ಲ, ಆ ಸದ್ದು ಕೇಳಿ ಮಂದಿ ಕಾಯ್ತಾರ, ಅಲ್ಲೇ ಜೀವ ಹೋಗ್ತದ. ಎದಿ ನಡುವ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕ 100ರಿಂದ 120 ಸಲ ಒತ್ತಬೇಕು. ಎರಡು ನಿಮಿಷಕ್ಕ ಆಳು ಬದಲಿ. ಎಇಡಿ (ಹೃದಯಕ್ಕ ವಿದ್ಯುತ್ ಹೊಡೆತ ಕೊಡೋ) ಯಂತ್ರ ಬಂದ ಕೂಡ್ಲೇ ಬೆವರು ಒರೆಸಿ ಪ್ಯಾಡ್ ಹಚ್ಚಬೇಕು, ಒದ್ದೆ ಮೈಗೆ ಅದು ಹತ್ತಲ್ಲ. 2021ರ ಜೂನ್ 12ರಂದು ಯುರೋ ಪಂದ್ಯದಾಗ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದಾಗ ಉಳಿಸಿದ್ದು ಮೈದಾನದಾಗಿನ ಒತ್ತು ಮತ್ತ ಆ ಯಂತ್ರ. ದೊಡ್ಡ ಕಾರ್ಖಾನಿಗಳ ಒಳಗ ಎಇಡಿ ಇರ್ತದ, ಒಂದಿನಕ್ಕ ಬರೆದು ಕೇಳ್ರಿ. ಬ್ಯಾಟರಿ ದೀಪ ಹಸಿರು ಐತೋ, ಪ್ಯಾಡಿನ ದಿನಾಂಕ ಮುಗಿದಿಲ್ಲೋ ನೋಡಿ ತರ್ರಿ. ಅದು ಮೇಜಿನ ಮ್ಯಾಲ ಇರಬೇಕು, ಯಾರದೋ ಕಾರಿನ ಡಿಕ್ಕಿಯಾಗಲ್ಲ.

ತಲಿ ತಲಿ ಡಿಕ್ಕಿ ಹೊಡೆದು ಮಂಕಾದವ ಆ ದಿನ ಮತ್ತ ಆಡಂಗಿಲ್ಲ, "ಆರಾಮ್ ಅದೀನಿ" ಅಂದ್ರೂ ಇಲ್ಲ. ಕಪ್ತಾನನ ಮಾತಿಗೆ ಬಿಡಬ್ಯಾಡ್ರಿ, ಕೊನೇ ಮಾತು ರೆಫರಿಗೆ ಕೊಡ್ರಿ.

ನೀರು ತಲಿಗೆ ಮೂರು ಲೀಟರ್, 20 ಲೀಟರಿನ ಕ್ಯಾನು 30. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದಕ್ಕ ಸರಿಯಾಗಿ ಒಂದು ಲೀಟರ್ ನೀರು, ಲೋಟದಾಗ ಗಟ್ಟಿಯಾಗಿ ಕಲಸಿ ಕುಡಿದ್ರ ವಾಂತಿ. ಹಣ್ಣಿನ ರುಚಿಯ ಸಿಹಿ ಡಬ್ಬಿ ಓಆರ್‌ಎಸ್ ಅಲ್ಲ, ಅಂಥದರ ಮ್ಯಾಲ ಆ ಹೆಸರು ಹಾಕಬಾರದಂತ 2025ರ ಅಕ್ಟೋಬರ್‌ನಾಗ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆದೇಶ ಮಾಡೈತಿ. ಔಷಧ ಅಂಗಡಿಯಾಗ ಪುಡಿ ಪೊಟ್ಟಣನೇ ಕೇಳಿ ತಗೊಳ್ರಿ. ಮಾರ್ಚ್‌ಗೆ ಟೂರ್ನಿ ಮುಂದಕ್ಕ ಹಾಕೋ ಮಾತು ಬಂದ್ರ ನಮ್ಮ ರಾಯಚೂರಿನ ಹೆಸರು ಹೇಳಿ ರದ್ದು ಮಾಡ್ರಿ.

ಬಿ ಶಿಫ್ಟ್
ಎಲ್ಲಾ ಬರ್ಕೊಂಡೀನ್ರಿ. ಎರಡು ಕಿರ್ದಿ, ಮೂರು ಗುಂಪು, 25 ಪಂದ್ಯ. ಕಂಪನಿಗಳು ತಾವೇ ನಿ-ಕ್ಷಯ್ ಮಿತ್ರ ಆಗೋದು, ಕಿಟ್‌ಗೆ ಜೋಳ. ಜಿಲ್ಲಾ ಟಿಬಿ ಕಚೇರಿಗೆ ಸೋಮವಾರ ಹೋಗ್ತೀನಿ. ಟ್ಯಾಂಕರ್‌ನವನು ಫೋನ್ ಮಾಡ್ಯಾನ, ಭಾನುವಾರ ಬೆಳಿಗ್ಗಿ ಐದಕ್ಕ ಬರ್ತೀನಿ ಅಂತಾನ. ಹೂಂ ಅನ್ಲಾ?

ಎರೆನೆಲ
ಬೇಡ. ಶನಿವಾರ ಸಂಜೆ ಐದಕ್ಕೆ, ಮುಳ್ಳು ಎಳೆದಾದ ಮೇಲೆ, ಗೆರೆ ಹಾಕೋ ಮುಂಚೆ. ಬೆಳಿಗ್ಗೆ ಹಾಕಿದರೆ ಏಳಕ್ಕೆ ಕೆಸರು, ಒಂಬತ್ತಕ್ಕೆ ಮತ್ತೆ ಧೂಳು, ಗೆರೆಯೂ ತೊಳೆದು ಹೋಗಿರುತ್ತೆ.